ಸ್ಕಿನ್ ಪ್ರಿಕ್ ಟೆಸ್ಟ್: ಯಾವ್ ತರದ್ದು ಮಾಡಿಸ್ಬೇಕು, ಹೋಗೋಕ್ ಮುಂಚೆ ಏನೇನ್ ನೋಡ್ಕೋಬೇಕು

ಅಲರ್ಜಿ ಟೆಸ್ಟ್ ಅಂದ ತಕ್ಷಣ ಎಲ್ರೂ ಕೇಳೋದು ಹೆಚ್ಚುಕಡಿಮೆ ಅದೇ ಪ್ರಶ್ನೆ. ಒಂದೊಂದೇ ಸೂಜಿ ಚುಚ್ಚೋದು ಒಳ್ಳೇದಾ, ಎಂಟು ಮುಳ್ಳಿರೋ ಪ್ಲಾಸ್ಟಿಕ್ ಪಟ್ಟಿ ಒತ್ತೋದು ಒಳ್ಳೇದಾ, ಇಲ್ಲಾ ರಕ್ತ ಕೊಟ್ಟು ಬಂದ್ಬಿಟ್ರೆ ಆಯ್ತಾ? ಜೊತೆಗೆ ಇನ್ನೊಂದು, "ಜಯನಗರದಲ್ಲಿ ನಲವತ್ತು ಐಟಂ ಅಂದ್ರು, ವೈಟ್‌ಫೀಲ್ಡ್‌ನಲ್ಲಿ ನೂರು ಐಟಂ ಪ್ಯಾಕೇಜ್ ಅಂದ್ರು, ನೂರೇ ಮಾಡಿಸ್ಲಾ?" ಐಟಂ ಅಂದ್ರೆ ಟೆಸ್ಟ್ ಮಾಡೋ ಒಂದೊಂದು ಅಲರ್ಜಿ ವಸ್ತು. ನಾನು ಟೆಸ್ಟ್ ಮಾಡೋ ಕಡೆ ಕೂತಿರೋ ಟೆಕ್ನೀಷಿಯನ್ನು, ಡಾಕ್ಟರ್ ಅಲ್ಲ, ಆದ್ರೆ ಕೈ ಮೇಲೆ ಹನಿ ಇಟ್ಟು ಚುಚ್ಚಿ ಅಳತೆ ತೆಗೆಯೋ ಕೆಲಸ ದಿನಾ ಮಾಡೋದ್ರಿಂದ ಎಲ್ಲೆಲ್ಲಿ ಎಡವಟ್ಟಾಗತ್ತೆ ಅಂತ ಗೊತ್ತು. ನನ್ನ ಪ್ರಕಾರ ಸೂಜಿ ಯಾವ್ದು ಅನ್ನೋದು ಎರಡನೇ ಮಾತು. ನಿಮ್ ತೊಂದ್ರೆಗೆ ಈ ಟೆಸ್ಟ್ ಹೊಂದತ್ತಾ, ಕಂಟ್ರೋಲ್ ಹನಿ (ಟೆಸ್ಟ್ ನಂಬೋ ಹಾಗಿದ್ಯಾ ಅಂತ ತಾಳೆ ನೋಡೋಕೆ ಇಡೋವು) ಎರಡೂ ಇಟ್ಟಿದ್ರಾ, ದದ್ದಿನ ಅಳತೆ ಮಿಲಿಮೀಟರಲ್ಲಿ ಬರೆದಿದ್ರಾ, ಈ ಮೂರು ಸರಿ ಇಲ್ದಿದ್ರೆ ನೂರು ಐಟಮ್ಮಿನ ರಿಪೋರ್ಟೂ ದಂಡ.

ಈ ಟೆಸ್ಟಲ್ಲಿ ಆಗೋದೇನು ಅಂತ ಎರಡೇ ಮಾತಲ್ಲಿ ಹೇಳ್ಬಿಡ್ತೀನಿ. ಕೆಲವರ ಮೈಯಲ್ಲಿ ಧೂಳಿನ ಹುಳ (ಹಾಸಿಗೆ ಧೂಳಲ್ಲಿರೋ, ಕಣ್ಣಿಗೆ ಕಾಣದ ಮೈಟ್), ಪರಾಗ, ಕಡಲೆಕಾಯಿ ಇಂಥದ್ದಕ್ಕೆ ಐಜಿಇ ಅನ್ನೋ ಪ್ರತಿಕಾಯ ತಯಾರಾಗಿರತ್ತೆ, ಅದು ಚರ್ಮದೊಳಗಿರೋ ಮಾಸ್ಟ್ ಸೆಲ್‌ಗಳ ಮೇಲೆ ಅಂಟ್ಕೊಂಡು ಕೂತಿರತ್ತೆ. ಆ ವಸ್ತುವಿನ ಒಂದು ಹನಿ ಚರ್ಮದ ಮೇಲೆ ಇಟ್ಟು ಮೇಲ್ಪದರಕ್ಕೆ ಮಾತ್ರ ತಾಗೋ ಹಾಗೆ ಚುಚ್ಚಿದ್ರೆ ಆ ಸೆಲ್‌ಗಳು ಹಿಸ್ಟಮಿನ್ ಅನ್ನೋ ರಾಸಾಯನಿಕ ಬಿಡ್ತಾವೆ, ಹದಿನೈದು ಇಪ್ಪತ್ತು ನಿಮಿಷದಲ್ಲಿ ಅಲ್ಲಿ ಸೊಳ್ಳೆ ಕಚ್ಚಿದ ಹಾಗೆ ದದ್ದು ಏಳತ್ತೆ, ಸುತ್ತ ಕೆಂಪಾಗತ್ತೆ. ಉಬ್ಬಿದ ಭಾಗಕ್ಕೆ ವೀಲ್ ಅಂತೀವಿ, ಸುತ್ತಲಿನ ಕೆಂಪಿಗೆ ಫ್ಲೇರ್. ಲೆಕ್ಕಕ್ಕೆ ಬರೋದು ಮುಖ್ಯವಾಗಿ ವೀಲು.

1. ಮೊದಲು ನಿಮ್ ತೊಂದ್ರೆ ಯಾವ್ ಜಾತಿದು ಅಂತ ನೋಡ್ಕೊಳ್ಳಿ

ಪ್ರಿಕ್ ಟೆಸ್ಟ್ ಹಿಡಿಯೋದು ಐಜಿಇ ಅಲರ್ಜಿನ ಮಾತ್ರ, ಅಂದ್ರೆ ತಗುಲಿದ ಕೆಲವೇ ನಿಮಿಷದಿಂದ ಒಂದೆರಡು ಗಂಟೆಯೊಳಗೆ ಶುರುವಾಗೋದು: ಸಾಲು ಸಾಲು ಸೀನು, ಮೂಗು ಸೋರೋದು, ಕಣ್ಣು ಉರಿ, ಅಲರ್ಜಿಯಿಂದ ಬರೋ ಅಸ್ತಮಾ, ಕೆಲವು ಆಹಾರ ತಿಂದ ತಕ್ಷಣ ಪಿತ್ತಗಂಧೆ ಏಳೋದು ಅಥವಾ ತುಟಿ ಊದೋದು.

ಬೆಂಗಳೂರಿನೋರಿಗೆ ಇದಕ್ಕೆ ಪಾರ್ಥೇನಿಯಂಗಿಂತ ಒಳ್ಳೆ ಉದಾಹರಣೆ ಸಿಗಲ್ಲ. ಅದೇ ಕಾಂಗ್ರೆಸ್ ಗಿಡ, ಖಾಲಿ ಸೈಟ್ ತುಂಬಾ ಬೆಳ್ದಿರತ್ತಲ್ಲ. ಅದರ ಪರಾಗದಿಂದ ಸೀನು, ಅಸ್ತಮಾ ಬರೋರಿಗೆ ಪ್ರಿಕ್ ಟೆಸ್ಟ್. ಅದೇ ಗಿಡ ಇನ್ನು ಕೆಲವರಿಗೆ ಕಣ್ಣಿನ ರೆಪ್ಪೆ, ಕತ್ತು, ಮೊಣಕೈ ಮಡಿಕೆಯಲ್ಲಿ ಚರ್ಮ ದಪ್ಪಗಾಗಿ ಕೆರೆತ ತರತ್ತೆ, ಅದು ಬೇರೆ ದಾರಿಯ ಅಲರ್ಜಿ, ಒಂದೆರಡು ದಿನ ತಡವಾಗಿ ಬರೋದು, ಅದಕ್ಕೆ ಪ್ಯಾಚ್ ಟೆಸ್ಟ್ ಬೇಕು. ಗಿಡ ಒಂದೇ, ಟೆಸ್ಟ್ ಎರಡು! ಪ್ಯಾಚ್ ಟೆಸ್ಟಲ್ಲಿ ಚುಚ್ಚೋದೇ ಇಲ್ಲ, ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆ ಬಿಡ್ತಾರೆ, ಬೆನ್ನು ನೆನೆಯೋ ಹಾಗಿಲ್ಲ, ಆಮೇಲೆ ತೆಗೆದು ನೋಡಿ ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಂದ್ಸಲ ನೋಡ್ತಾರೆ. ಹೇರ್ ಡೈ, ಬಿಂದಿ ಅಂಟು, ಸಿಮೆಂಟು, ರೋಲ್ಡ್ ಗೋಲ್ಡ್ ಸರದಲ್ಲಿರೋ ನಿಕ್ಕಲ್, ಇವೆಲ್ಲಾ ಸಾಮಾನ್ಯವಾಗಿ ಪ್ಯಾಚ್ ಟೆಸ್ಟಿನ ಕೇಸು. ಹಣೇಲಿ ಬಿಂದಿ ಜಾಗ ಕೆರೆಯತ್ತೆ ಅಂತ ಬಂದೋರು ಪ್ರಿಕ್ ಟೆಸ್ಟ್ ಮಾಡಿಸ್ಕೊಂಡು "ಎಲ್ಲಾ ನೆಗೆಟಿವ್" ಅಂತ ಮನೆಗೆ ಹೋದ್ರೆ ಏನೂ ತಿಳಿದ ಹಾಗಾಗ್ಲಿಲ್ಲ.

ಪ್ರಿಕ್ ಟೆಸ್ಟಿಗೆ ಸಿಗದ ಇನ್ನೂ ಕೆಲವು:

ಆರು ವಾರ ದಾಟಿ ಹೆಚ್ಚುಕಡಿಮೆ ದಿನಾ ಏಳೋ ಪಿತ್ತಗಂಧೆ. ಇದಕ್ಕೆ ಹೆಚ್ಚಿನವರಲ್ಲಿ ಹೊರಗಿನ ಕಾರಣವೇ ಇರಲ್ಲ, ದೊಡ್ಡ ಪ್ಯಾನೆಲ್ (ಒಟ್ಟಿಗೆ ಹತ್ತಾರು ಐಟಮ್ಮಿನ ಟೆಸ್ಟ್) ಮಾಡಿಸಿ ದುಡ್ಡು ಕಳ್ಕೋಬೇಡಿ.

ಅಪಾರ್ಟ್‌ಮೆಂಟ್ ಬಾಲ್ಕನಿ ಪಾರಿವಾಳದಿಂದ ಬರೋ ಶ್ವಾಸಕೋಶದ ಕಾಯಿಲೆ. ಒಣ ಕೆಮ್ಮು, ಮೆಟ್ಟಿಲು ಹತ್ತಿದ್ರೆ ಉಸಿರು ಕಟ್ಟೋದು, ಇದು ಐಜಿಇ ಕಥೆ ಅಲ್ಲ, ಪ್ರಿಕ್ ನೆಗೆಟಿವ್ ಬಂತು ಅಂತ ನೆಮ್ಮದಿಯಾಗಿ ಕೂರಬೇಡಿ, ಎದೆರೋಗದ ಡಾಕ್ಟರ್ ಹತ್ರ ಹೋಗಿ, ಸಿಟಿ ಸ್ಕ್ಯಾನ್ ಬೇಕಾಗಬಹುದು.

ಸಿಲ್ಕ್ ಬೋರ್ಡ್ ಸಿಗ್ನಲ್ಲಿನ ಹೊಗೆ, ಊದುಬತ್ತಿ, ಪಟಾಕಿ, ಎಸಿ ತಣ್ಣಗಿನ ಗಾಳಿ. ಇವು ಮೂಗನ್ನ ಕೆರಳಿಸ್ತಾವೆ ಅಷ್ಟೇ, ಇವಕ್ಕೆ ಐಜಿಇ ಇಲ್ಲ, ಹಾಗಾಗಿ ಹನಿನೂ ಇಲ್ಲ. "ಬೆಂಗಳೂರಿಗೆ ಬಂದ್ಮೇಲೆ ಶುರುವಾಯ್ತು" ಅನ್ನೋರಲ್ಲಿ ಎಷ್ಟೋ ಜನಕ್ಕೆ ಹುಳದ ಅಲರ್ಜಿನೂ ಇರತ್ತೆ ಹೊಗೆ ಕಾಟನೂ ಇರತ್ತೆ, ಟೆಸ್ಟ್ ಮೊದಲನೇದನ್ನ ಮಾತ್ರ ತೋರಿಸತ್ತೆ.

ಹಾಲು ಕುಡಿದ್ರೆ ಹೊಟ್ಟೆ ಉಬ್ಬರ, ಗ್ಯಾಸು ಮಾತ್ರ ಆಗೋದು. ಅದು ಬಹುತೇಕ ಲ್ಯಾಕ್ಟೋಸ್ ಜೀರ್ಣ ಆಗದೇ ಇರೋದು, ಅಲರ್ಜಿ ಅಲ್ಲ.

2. ವಿಧಾನಗಳು, ಒಂದೊಂದಾಗಿ

ಒಂಟಿ ಲ್ಯಾನ್ಸೆಟ್. ಚಿಕ್ಕ ಸ್ಟೀಲ್ ಅಥವಾ ಪ್ಲಾಸ್ಟಿಕ್ ಮುಳ್ಳು, ತುದಿ ಸುಮಾರು 1 ಮಿ.ಮೀ. ಮಾತ್ರ, ಅದರ ಮೇಲೆ ಒಂದು ತಡೆ ಇರೋದ್ರಿಂದ ಆಳಕ್ಕೆ ಹೋಗಲ್ಲ. ಹನಿ ಮೇಲಿಂದ ನೇರವಾಗಿ ಒತ್ತಿ ಒಂದು ಸೆಕೆಂಡ್ ಹಿಡಿದು ತೆಗೆಯೋದು. ಹಳೇ ರೀತಿ ಅಂದ್ರೆ ಮಾಮೂಲಿ ಸೂಜಿನ ಓರೆಯಾಗಿ ತಾಗಿಸಿ ಚರ್ಮನ ಸ್ವಲ್ಪ ಮೇಲಕ್ಕೆ ಎತ್ತೋದು, 1970ರ ದಶಕದಲ್ಲಿ ಇಂಗ್ಲೆಂಡಿನ ಜ್ಯಾಕ್ ಪೆಪಿಸ್ ಅನ್ನೋ ಡಾಕ್ಟರು ರೂಢಿಗೆ ತಂದಿದ್ದು. ಕೈ ಪಳಗಿದೋರು ಮಾಡಿದ್ರೆ ಅದೂ ಚೆನ್ನಾಗೇ ಇರತ್ತೆ, ಆದ್ರೆ ಒಬ್ಬೊಬ್ಬರ ಕೈ ಒಂದೊಂದು ತರ, ಎಳೆಯೋದ್ರಲ್ಲಿ ಹೆಚ್ಚುಕಡಿಮೆ ಆಗತ್ತೆ. ನೀವು ಗಮನಿಸಬೇಕಾದ್ದು ಇಷ್ಟೇ: ಪ್ರತಿ ಹನಿಗೂ ಹೊಸ ಮುಳ್ಳು. ಒಂದೇ ಮುಳ್ಳನ್ನ ಹತ್ತಿಲಿ ಒರೆಸ್ಕೊಂಡು ಮುಂದಿನ ಹನಿಗೆ ಹೋದ್ರೆ ಹಿಂದಿನ ಹನಿಯ ಅಂಶ ಮುಂದಕ್ಕೂ ಹೋಗತ್ತೆ, ಜಿರಳೆಗೆ ಎದ್ದ ದದ್ದು ಪಕ್ಕದ ಗರಿಕೆ ಹುಲ್ಲಿಗೂ ಎದ್ದ ಹಾಗೆ ಕಾಣಬಹುದು. ರಕ್ತ ಒಸರೋ ಹಾಗೆ ಚುಚ್ಚಿದ್ರೂ ಸುಳ್ಳು ಪಾಸಿಟಿವ್ ಬರೋ ಸಾಧ್ಯತೆ ಜಾಸ್ತಿ.

ಹಲವು ಮುಳ್ಳಿನ ಪಟ್ಟಿ. ಒಂದು ಹಿಡಿಕೆ, ಅದಕ್ಕೆ ಎಂಟು ಹತ್ತು ಕಾಲು, ಪ್ರತಿ ಕಾಲಿನ ತುದೀಲಿ ಒಂದೊಂದು ದ್ರಾವಣ. ಟ್ರೇನಲ್ಲಿ ಅದ್ದಿ ಕೈ ಮೇಲೆ ಅಥವಾ ಬೆನ್ನ ಮೇಲೆ ಒಂದ್ಸಲ ಒತ್ತಿ ಅಲುಗಿಸಿದ್ರೆ ಮುಗೀತು. ಬೇಗ ಆಗತ್ತೆ, ಹಾಗಾಗಿ ಓಡಾಡೋ ಮಕ್ಕಳಿಗೆ, ಸೂಜಿ ಕಂಡ್ರೆ ಕಿರುಚೋರಿಗೆ ಅನುಕೂಲ. ಆದ್ರೆ ಒಂಟಿ ಲ್ಯಾನ್ಸೆಟ್‌ಗಿಂತ ನೋವು ಸ್ವಲ್ಪ ಜಾಸ್ತಿ, ಸಣ್ಣ ಕೈ ಮೇಲೆ ಎಲ್ಲಾ ಕಾಲೂ ಸಮವಾಗಿ ಕೂರಲ್ಲ, ಒಂದು ಕಡೆ ಭಾರ ಬಿದ್ದು ಇನ್ನೊಂದು ಕಡೆ ಬರೀ ಸೋಕಿ ಬಿಡತ್ತೆ. ಕೆಲವು ಪಟ್ಟಿಗಳು ಏನೂ ಅಲರ್ಜಿ ಇಲ್ದೇ ಇದ್ರೂ ಬರೀ ಒತ್ತಡಕ್ಕೇ ಸಣ್ಣ ಉಬ್ಬು ಎಬ್ಬಿಸ್ತಾವೆ. ಅದಕ್ಕೇ ಒಂದು ಪಟ್ಟಿಲಿ ಬಂದ ಅಳತೆನ ಇನ್ನೊಂದು ಸಾಧನದ ಅಳತೆ ಜೊತೆ ಹೋಲಿಸೋಕೆ ಹೋಗಬೇಡಿ, ಹೋದ ವರ್ಷ 4 ಇತ್ತು ಈ ವರ್ಷ 6 ಆಯ್ತು ಅಂತ ಗಾಬರಿ ಬೀಳೋರಲ್ಲಿ ಎಷ್ಟೋ ಸಲ ಬದಲಾಗಿರೋದು ಮುಳ್ಳು, ಅಲರ್ಜಿ ಅಲ್ಲ. ಎರಡರಲ್ಲಿ ಆರಿಸ್ಕೊಳ್ಳೋ ಹಾಗಿದ್ರೆ ದೊಡ್ಡೋರಿಗೆ ನಾನು ಒಂಟಿ ಲ್ಯಾನ್ಸೆಟ್ ಅಂತೀನಿ, ಆದ್ರೆ ದಿನಾ ಪಟ್ಟಿ ಬಳಸಿ ಪಳಗಿದ ಕೈ, ವರ್ಷಕ್ಕೊಂದ್ಸಲ ಲ್ಯಾನ್ಸೆಟ್ ಹಿಡಿಯೋ ಕೈಗಿಂತ ವಾಸಿ.

ಪ್ರಿಕ್ ಟು ಪ್ರಿಕ್. ಹಣ್ಣು ತರಕಾರಿಗೆ ಇದು ಒಳ್ಳೇದು. ಬಾಟಲಿಯಲ್ಲಿ ಬರೋ ಹಣ್ಣಿನ ದ್ರಾವಣಗಳಲ್ಲಿ ಅಲರ್ಜಿ ತರೋ ಪ್ರೊಟೀನು ಬೇಗ ಕೆಟ್ಟು ಹೋಗಿರತ್ತೆ, ಅದಕ್ಕೇ ತಾಜಾ ಹಣ್ಣಿಗೇ ಮೊದಲು ಮುಳ್ಳು ಚುಚ್ಚಿ ಅದೇ ಮುಳ್ಳಿಂದ ಚರ್ಮಕ್ಕೆ ಚುಚ್ಚೋದು. ನಿಮಗೆ ಯಾವ್ದರ ಮೇಲೆ ಅನುಮಾನವೋ ಅದನ್ನ ನೀವೇ ಡಬ್ಬಿಯಲ್ಲಿ ತಗೊಂಡ್ ಹೋಗ್ಬೇಕು, ಹಸೀದು ತಿಂದ್ರೆ ಆಗುತ್ತಾ ಬೇಯ್ಸಿದ್ದಾ ಅಂತಾನೂ ಹೇಳಿ, ಎರಡೂ ತರೋಕೆ ಹೇಳಬಹುದು. ಬದನೆಕಾಯಿ ತಿಂದ್ರೆ ಬಾಯಿ ತುರಿಸತ್ತೆ ಅನ್ನೋರು ನಮ್ ಕಡೆ ಜಾಸ್ತಿ, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ಇದರ ಮೇಲೇ ಕೆಲಸ ಮಾಡಿದ್ದಾರೆ. ಬದನೆಕಾಯಲ್ಲೇ ಸ್ವಲ್ಪ ಹಿಸ್ಟಮಿನ್ ಇರೋದ್ರಿಂದ ನಿಜವಾದ ಅಲರ್ಜಿ ಇಲ್ದೇನೂ ತುರಿಸಬಹುದು, ಹಾಗಾಗಿ ಈ ಕಾಯಿಯ ಪಾಸಿಟಿವ್ ರಿಸಲ್ಟನ್ನ ಡಾಕ್ಟರ್ ಸ್ವಲ್ಪ ಅನುಮಾನದಿಂದ್ಲೇ ನೋಡ್ತಾರೆ. ಒಂದು ಎಚ್ಚರಿಕೆ, ಯಾವ್ದಾದ್ರೂ ತಿಂದು ಉಸಿರು ಕಟ್ಟಿ ಆಸ್ಪತ್ರೆ ಸೇರಿದ್ದ ಇತಿಹಾಸ ಇದ್ರೆ ಅದನ್ನ ಸುಮ್ನೆ ಡಬ್ಬಿಲಿ ಹಾಕ್ಕೊಂಡು ಹೋಗಬೇಡಿ, ಮೊದಲೇ ಫೋನಲ್ಲಿ ಹೇಳಿ.

ಇಂಟ್ರಾಡರ್ಮಲ್, ಅಂದ್ರೆ ಚರ್ಮದ ಪದರದೊಳಕ್ಕೆ ಇಂಜೆಕ್ಷನ್. 0.02ರಿಂದ 0.05 ಮಿ.ಲೀ. ಒಳಗೆ ಬಿಟ್ಟು ಸಣ್ಣ ಗುಳ್ಳೆ ಮಾಡ್ತಾರೆ, ದ್ರಾವಣ ಪ್ರಿಕ್ಕಿನದಕ್ಕಿಂತ ನೂರರಿಂದ ಸಾವಿರ ಪಟ್ಟು ತೆಳು ಇರತ್ತೆ. ಸೂಕ್ಷ್ಮ ಜಾಸ್ತಿ, ಅದೇ ಇದರ ತೊಂದ್ರೆ ಕೂಡ, ಅಲರ್ಜಿ ಇಲ್ದೋರಿಗೂ ಪಾಸಿಟಿವ್ ತೋರಿಸ್ತದೆ, ಮೈಯೆಲ್ಲಾ ರಿಯಾಕ್ಷನ್ ಆಗೋ ಅಪಾಯವೂ ಪ್ರಿಕ್‌ಗಿಂತ ಹೆಚ್ಚು. ಪೆನಿಸಿಲಿನ್ ತರದ ಔಷಧ, ಜೇನು ಕಣಜದ ವಿಷ, ಇವಕ್ಕೆ ಇದು ಬೇಕೇ ಬೇಕು. ಆಹಾರಕ್ಕೆ ಮಾತ್ರ ಮಾಡಬಾರದು. ಯಾರಾದ್ರೂ ನೇರವಾಗಿ ಇಡೀ ಪ್ಯಾನೆಲ್ಲನ್ನ, ಅದರಲ್ಲೂ ತಿನ್ನೋ ಪದಾರ್ಥಗಳನ್ನ, ಇಂಜೆಕ್ಷನ್ ರೀತಿಲಿ ಮಾಡ್ತೀವಿ ಅಂದ್ರೆ ಎದ್ದು ಬನ್ನಿ.

ಕೆರೆದು ಮಾಡೋದು, ಸ್ಕ್ರಾಚ್ ಟೆಸ್ಟ್. ಮ್ಯಾಂಚೆಸ್ಟರಿನ ಡಾಕ್ಟರ್ ಚಾರ್ಲ್ಸ್ ಬ್ಲಾಕ್ಲಿ ತನ್ನ ಕೈಯನ್ನೇ ಕೆರೆದು ಪರಾಗ ಸವರಿ ನೋಡಿ 1873ರ ಪುಸ್ತಕದಲ್ಲಿ ಬರೆದಿದ್ದ, ಎಲ್ಲಾ ಶುರುವಾಗಿದ್ದೇ ಅಲ್ಲಿಂದ. ಈಗ ಬೇಡ. ಕೆರೆದ ಗಾಯಕ್ಕೇ ದದ್ದು ಏಳತ್ತೆ.

ರಕ್ತ ಪರೀಕ್ಷೆ. ಎರಡು ಬೇರೆ ಬೇರೆ ಇದೆ, ಗೊಂದಲ ಮಾಡ್ಕೋಬೇಡಿ. ಟೋಟಲ್ ಐಜಿಇ ಅನ್ನೋದು ಮೈಯಲ್ಲಿರೋ ಒಟ್ಟು ಐಜಿಇ, ಯಾವ್ದಕ್ಕೆ ಅಲರ್ಜಿ ಅಂತ ಅದು ಹೇಳಲ್ಲ, ಹೊಟ್ಟೆ ಹುಳ ಇದ್ರೂ ಏರತ್ತೆ. ಸ್ಪೆಸಿಫಿಕ್ ಐಜಿಇ ಅನ್ನೋದು ಒಂದೊಂದು ವಸ್ತುವಿಗೆ ಬೇರೆ ಬೇರೆ ಅಳೆಯೋದು, ಸಾಮಾನ್ಯವಾಗಿ 0.35ಕ್ಕಿಂತ ಮೇಲಿದ್ರೆ ಪಾಸಿಟಿವ್ ಅಂತಾರೆ. ಮಾತ್ರೆ ನಿಲ್ಲಿಸೋಕೆ ಆಗದೇ ಇರೋರಿಗೆ, ಮೈ ತುಂಬಾ ಎಕ್ಸಿಮಾ (ಕೆರೆತದ ಚರ್ಮರೋಗ) ಇರೋರಿಗೆ, ಹಿಂದೆ ಜೀವಕ್ಕೇ ಕುತ್ತು ಬಂದಿದ್ದೋರಿಗೆ ಇದು ಒಳ್ಳೇದು. ಉಳಿದೋರಿಗೆ ಪ್ರಿಕ್ ಬೇಗ, ಸ್ವಲ್ಪ ಹೆಚ್ಚು ಸೂಕ್ಷ್ಮ, ಅರ್ಧ ಗಂಟೇಲಿ ಉತ್ತರ ಕಣ್ಣ ಮುಂದೆ. ರಕ್ತದಲ್ಲಿ ಐಟಂ ಹೆಚ್ಚಾದಷ್ಟೂ ಬಿಲ್ಲೂ ಏರತ್ತೆ.

ಇನ್ನು "ಫುಡ್ ಇನ್‌ಟಾಲರೆನ್ಸ್" ಅಂತ ಇನ್ನೂರು ಆಹಾರಕ್ಕೆ ಐಜಿಜಿ (ಐಜಿಇ ಅಲ್ಲ, ಇನ್ನೊಂದು ತರದ ಪ್ರತಿಕಾಯ) ಅಳೆದು ಕೆಂಪು ಹಳದಿ ಹಸಿರು ಬಣ್ಣದ ಪಟ್ಟಿ ಕೊಡ್ತಾರಲ್ಲ, ಅದು ಅಲರ್ಜಿ ಟೆಸ್ಟೇ ಅಲ್ಲ. ಏನ್ ತಿಂತೀರೋ ಅದಕ್ಕೆ ಐಜಿಜಿ ಇರೋದು ಸಹಜ. ರಾಗಿ ತಿನ್ನೋರಿಗೆ ರಾಗಿ ಕೆಂಪು ಬಂದ್ರೆ ಅದರಲ್ಲಿ ಆಶ್ಚರ್ಯ ಏನಿದೆ.

3. ಮಾತ್ರೆ ನಿಲ್ಲಿಸೋದು, ಹೆಚ್ಚು ಜನ ಎಡವೋದು ಇಲ್ಲೇ

ಆಂಟಿಹಿಸ್ಟಮಿನ್, ಅಂದ್ರೆ ಹಿಸ್ಟಮಿನ್ ಕೆಲಸ ತಡೆಯೋ ಅಲರ್ಜಿ ಮಾತ್ರೆ, ಮೈಯಲ್ಲಿ ಇದ್ರೆ ದದ್ದೇ ಏಳಲ್ಲ. ಸೆಟ್ರಿಜಿನ್, ಲೆವೊಸೆಟ್ರಿಜಿನ್, ಫೆಕ್ಸೊಫೆನಡಿನ್, ಲೊರಟಡಿನ್, ಬಿಲಾಸ್ಟಿನ್, ಹೈಡ್ರಾಕ್ಸಿಜಿನ್ ಇವನ್ನ ಸಾಮಾನ್ಯವಾಗಿ ಏಳು ದಿನ ಮುಂಚೆ ನಿಲ್ಲಿಸೋಕೆ ಹೇಳ್ತಾರೆ. ಅವಿಲ್ ತರದ ಹಳೇ ಮಾತ್ರೆಗಳ ಪ್ರಭಾವ ಬೇಗ ಇಳಿಯತ್ತೆ, ಆದ್ರೂ ಒಂದು ವಾರ ಅಂತ್ಲೇ ಲೆಕ್ಕ ಇಟ್ಕೊಂಡ್ರೆ ತಲೆನೋವಿಲ್ಲ.

ಕಷ್ಟ ಏನಂದ್ರೆ ಆಂಟಿಹಿಸ್ಟಮಿನ್ ಬೇರೆ ಬೇರೆ ಹೆಸರಲ್ಲಿ ಬಚ್ಚಿಟ್ಕೊಂಡಿರತ್ತೆ. ಅಲರ್ಜಿ, ಅಸ್ತಮಾಗೆ ಕೊಡೋ ಮಾಂಟೆಲುಕಾಸ್ಟ್ ಒಂದೇ ಆದ್ರೆ ನಿಲ್ಲಿಸಬೇಕಾಗಿಲ್ಲ, ಆದ್ರೆ ಮಾತ್ರೆ ಹೆಸರಿನ ಕೊನೇಲಿ ಎಲ್‌ಸಿ ಅಂತಿದ್ರೆ ಅದರಲ್ಲಿ ಲೆವೊಸೆಟ್ರಿಜಿನ್ ಸೇರಿದೆ, ಎಫ್ಎಕ್ಸ್ ಅಂತಿದ್ರೆ ಫೆಕ್ಸೊಫೆನಡಿನ್. ಸಿನಾರೆಸ್ಟ್ ತರದ ನೆಗಡಿ ಮಾತ್ರೆಲಿ, ಎಷ್ಟೋ ಕೆಮ್ಮಿನ ಸಿರಪ್ಪಲ್ಲಿ ಕ್ಲೋರ್‌ಫೆನಿರಮಿನ್ ಇರತ್ತೆ. ಶಿರಾಡಿ ಘಾಟಲ್ಲಿ ವಾಂತಿ ಆಗ್ಬಾರ್ದು ಅಂತ ತಗೊಳ್ಳೋ ಅವೋಮಿನ್ನು, ತಲೆಸುತ್ತಿಗೆ ಕೊಡೋ ಸಿನ್ನರಿಜಿನ್ನು, ಎರಡೂ ಆಂಟಿಹಿಸ್ಟಮಿನ್ನೇ. ಮೂಗಿಗೆ ಹೊಡ್ಕೊಳ್ಳೋ ಸ್ಪ್ರೇನಲ್ಲಿ ಬರೀ ಸ್ಟೀರಾಯ್ಡ್ ಇದ್ರೆ ಪರವಾಗಿಲ್ಲ, ಅಜೆಲಾಸ್ಟಿನ್ ಸೇರಿದ್ರೆ ಅದನ್ನೂ ಕೆಲವು ದಿನ ಬಿಡಬೇಕು. ಅಸಿಡಿಟಿಗೆ ತಗೊಳ್ಳೋ ರಾನಿಟಿಡಿನ್, ಫಾಮೊಟಿಡಿನ್ ಕೂಡ ಒಂದೆರಡು ದಿನ ಮುಂಚೆ ಬಿಡಿ.

ಇವನ್ನ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ, ಬರೆದು ಕೊಟ್ಟ ಡಾಕ್ಟರನ್ನ ಕೇಳಿ: ಅಮಿಟ್ರಿಪ್ಟಿಲಿನ್, ಡಾಕ್ಸೆಪಿನ್ (ನಿದ್ದೆ, ಮೈಗ್ರೇನ್, ಖಿನ್ನತೆಗೆ ಕೊಡೋವು, ಇವೂ ದದ್ದನ್ನ ಅಮುಕ್ತಾವೆ), ಪ್ರೊಪ್ರನಲಾಲ್, ಅಟೆನಲಾಲ್, ಮೆಟೊಪ್ರೊಲಾಲ್ (ಇವು ದದ್ದಿಗೆ ಅಡ್ಡಿ ಮಾಡಲ್ಲ, ಆದ್ರೆ ದೊಡ್ಡ ರಿಯಾಕ್ಷನ್ ಆದ್ರೆ ಕೊಡೋ ಅಡ್ರಿನಲಿನ್ ಸರಿಯಾಗಿ ಕೆಲಸ ಮಾಡದ ಹಾಗೆ ಮಾಡ್ತಾವೆ). ಅಸ್ತಮಾ ಇನ್‌ಹೇಲರ್ ಅಂತೂ ಖಂಡಿತ ನಿಲ್ಲಿಸಬೇಡಿ, ನಿಲ್ಲಿಸೋ ಅಗತ್ಯವೇ ಇಲ್ಲ, "ಎಲ್ಲಾ ಔಷಧಿ ನಿಲ್ಲಿಸ್ಬಿಟ್ಟೆ ಮೇಡಂ" ಅಂತ ಏದುಸಿರು ಬಿಡ್ತಾ ಬರೋರನ್ನ ಟೆಸ್ಟ್ ಮಾಡದೇ ಡಾಕ್ಟರ್ ಹತ್ರ ಕಳಿಸ್ಬೇಕಾಗತ್ತೆ. ಚುಚ್ಚೋ ಜಾಗಕ್ಕೆ ಸ್ಟೀರಾಯ್ಡ್ ಕ್ರೀಮ್ ಹಚ್ತಾ ಇದ್ರೆ ಅದನ್ನ ಒಂದೆರಡು ವಾರ ಮುಂಚೆ ಬಿಡೋದು ವಾಸಿ, ಅದಕ್ಕೂ ಡಾಕ್ಟರನ್ನ ಒಂದ್ಮಾತು ಕೇಳಿ. ಐಜಿಇನ ತಡೆಯೋ ಒಮಾಲಿಜುಮಾಬ್ ಇಂಜೆಕ್ಷನ್ ತಗೊಂಡಿದ್ರೆ ತಿಂಗಳುಗಟ್ಟಲೆ ಚರ್ಮ ಮಂಕಾಗಿರತ್ತೆ, ಮೊದಲೇ ಹೇಳಿ.

4. ಯಾರು ಈಗ ಮಾಡಿಸ್ಬಾರ್ದು

ಅಸ್ತಮಾ ಹತೋಟಿಲಿ ಇಲ್ದೋರು, ಅವತ್ತು ಸುಯ್ ಅಂತ ಸದ್ದು ಬರ್ತಿರೋರು, ಬೇಡ. ಅನಾಫಿಲ್ಯಾಕ್ಸಿಸ್, ಅಂದ್ರೆ ಮೈಯೆಲ್ಲಾ ಆವರಿಸಿ ಬಿಪಿ ಬೀಳೋ ತೀವ್ರ ಅಲರ್ಜಿ ಆಗಿದ್ರೆ ನಾಲ್ಕರಿಂದ ಆರು ವಾರ ಬಿಡಿ, ತಕ್ಷಣ ಮಾಡಿದ್ರೆ ಸುಳ್ಳು ನೆಗೆಟಿವ್ ಬರಬಹುದು. ಗರ್ಭಿಣಿಯರಿಗೆ ಸಾಮಾನ್ಯವಾಗಿ ಮುಂದೂಡ್ತಾರೆ. ಉಗುರಲ್ಲಿ ಗೀರಿದ್ರೆ ಗೆರೆ ಉಬ್ಬೋ ಚರ್ಮ ಇದ್ರೆ ಎಲ್ಲಾ ಚುಚ್ಚಿಗೂ ದದ್ದು ಏಳತ್ತೆ, ಅಂಥವರಿಗೆ ರಕ್ತ ಪರೀಕ್ಷೆನೇ ಸರಿ. ಮಕ್ಕಳಿಗೆ ವಯಸ್ಸಿನ ಅಡ್ಡಿ ಇಲ್ಲ, ಆದ್ರೆ ಎರಡು ವರ್ಷದೊಳಗಿನ ಕೂಸುಗಳಿಗೆ ದದ್ದು ಚಿಕ್ಕದಾಗೇ ಏಳತ್ತೆ.

5. ಬುಕ್ ಮಾಡೋಕ್ ಮುಂಚೆ ಫೋನಲ್ಲಿ ಕೇಳಿ

ಅಲರ್ಜಿ ಟೆಸ್ಟನ್ನ ಇಎನ್‌ಟಿ, ಎದೆರೋಗ, ಚರ್ಮ, ಮಕ್ಕಳ ವಿಭಾಗ, ಹೀಗೆ ಬೇರೆ ಬೇರೆ ಕಡೆ ಮಾಡ್ತಾರೆ. ಬೋರ್ಡ್ ನೋಡ್ಬೇಡಿ, ಇವನ್ನ ಕೇಳಿ.

ಡಾಕ್ಟರ್ ಮೊದಲು ನೋಡಿ ಯಾವ್ ಐಟಂ ಬೇಕು ಅಂತ ಆರಿಸ್ತಾರಾ, ಇಲ್ಲಾ ಎಲ್ರಿಗೂ ಒಂದೇ ಪ್ಯಾಕೇಜಾ? ಇದೇ ಮುಖ್ಯ ಪ್ರಶ್ನೆ. ಮೂಗಿನ ತೊಂದ್ರೆ ಇರೋ ಬೆಂಗಳೂರಿನೋರಿಗೆ ಧೂಳಿನ ಹುಳದ ಎರಡು ಮೂರು ಜಾತಿ, ಜಿರಳೆ, ಪಾರ್ಥೇನಿಯಂ, ಗರಿಕೆ ಮತ್ತೆ ಇನ್ನೊಂದೆರಡು ಹುಲ್ಲು, ಕೆಲವು ಮರದ ಪರಾಗ, ಆಲ್ಟರ್ನೇರಿಯಾ, ಆಸ್ಪರ್ಜಿಲ್ಲಸ್ ತರದ ಬೂಷ್ಟು, ಮನೇಲಿ ನಾಯಿ ಬೆಕ್ಕು ಇದ್ರೆ ಅವು, ಇಷ್ಟರಲ್ಲಿ ಬಹಳ ಮಟ್ಟಿಗೆ ಉತ್ತರ ಸಿಗತ್ತೆ. ನೂರು ಐಟಮ್ಮಿನ ಪಟ್ಟಿ ಉದ್ದ ಆಗೋದು ಮನೆ ಧೂಳು, ಗೋಧಿ ಧೂಳು, ಹತ್ತಿ ಧೂಳು, ನೊಣ, ಇರುವೆ, ಪತಂಗ, ಬೆಂಡೆಕಾಯಿ, ತೊಗರಿಬೇಳೆ ಇವೆಲ್ಲಾ ಸೇರಿ. "ಮನೆ ಧೂಳು ಪಾಸಿಟಿವ್" ಅಂದ್ರೆ ಧೂಳಲ್ಲಿ ಏನಕ್ಕೆ ಅಂತ ಗೊತ್ತಾಗಲ್ಲ, ಹುಳವೋ ಜಿರಳೆಯೋ ಬೂಷ್ಟೋ. ಫೆಬ್ರವರಿ ಮಾರ್ಚಲ್ಲಿ ರಸ್ತೆ ತುಂಬಾ ಗುಲಾಬಿ ಹೂ ಬಿಡೋ ಟಬೂಬಿಯಾ ಮೇಲೂ ಎಲ್ರಿಗೂ ಅನುಮಾನ, ಆದ್ರೆ ಅಷ್ಟು ಅಂದದ ಹೂವಿನ ಪರಾಗ ಭಾರ, ಜೇನುಹುಳ ಹೊತ್ಕೊಂಡು ಹೋಗೋದು, ಗಾಳಿಲಿ ತೇಲೋದು ಕಮ್ಮಿ. ಕಾಟ ಕೊಡೋದು ಹೆಚ್ಚಾಗಿ ಹೂವು ಕಣ್ಣಿಗೇ ಬೀಳದ ಹುಲ್ಲು, ಕಳೆ.

ದ್ರಾವಣ ಯಾವ್ದು, ಎಕ್ಸ್‌ಪೈರಿ ಯಾವಾಗ? ಆಮದು ಆದವು ಕೆಲವು ಸ್ಟ್ಯಾಂಡರ್ಡೈಸ್ ಆಗಿರ್ತಾವೆ, ಅಂದ್ರೆ ಅಲರ್ಜಿ ತರೋ ಶಕ್ತಿ ಪ್ರತಿ ಬಾಟಲಿಯಲ್ಲೂ ಒಂದೇ ಇರೋ ಹಾಗೆ ಅಳೆದಿರ್ತಾರೆ. ನಮ್ಮಲ್ಲಿ ತಯಾರಾಗೋವು ಹೆಚ್ಚಾಗಿ ತೂಕದ ಲೆಕ್ಕದ್ದು, ಬ್ಯಾಚಿಂದ ಬ್ಯಾಚಿಗೆ ವ್ಯತ್ಯಾಸ ಬರತ್ತೆ. ಕೆಟ್ಟದ್ದು ಅಂತಲ್ಲ, ಆದ್ರೆ ಬೇರೆ ಕಂಪನಿ ದ್ರಾವಣದ ಎರಡು ರಿಪೋರ್ಟನ್ನ ಪಕ್ಕ ಪಕ್ಕ ಇಟ್ಟು ನೋಡೋದು ಬೇಡ. ಬಾಟಲಿ 2ರಿಂದ 8 ಡಿಗ್ರಿಲಿ ಇರಬೇಕು, ಟೇಬಲ್ ಮೇಲೆ ಬೆಳಗಿಂದ ಸಂಜೆ ತನಕ ಕೂತಿರಬಾರದು.

ಅಡ್ರಿನಲಿನ್ ಕೈಗೆ ಸಿಗೋ ಹಾಗೆ ಇದ್ಯಾ, ಡಾಕ್ಟರ್ ಅಲ್ಲೇ ಇರ್ತಾರಾ? ಪ್ರಿಕ್ ಟೆಸ್ಟಲ್ಲಿ ದೊಡ್ಡ ರಿಯಾಕ್ಷನ್ ತುಂಬಾ ಅಪರೂಪ, ಆದ್ರೂ ಇದಿಲ್ದೇ ಮಾಡಬಾರದು. ಹಾಗಾಗಿ ಮನೆಗೆ ಬಂದು ಮಾಡ್ತೀವಿ ಅನ್ನೋರಿಗೆ ಬೇಡ ಅನ್ನಿ.

6. ಟೆಸ್ಟಿನ ದಿನ

ಖಾಲಿ ಹೊಟ್ಟೇಲಿ ಬರಬೇಡಿ, ಇದು ಶುಗರ್ ಟೆಸ್ಟ್ ಅಲ್ಲ. ತಿಂಡಿ ತಿಂದೇ ಬನ್ನಿ, ಉಪವಾಸ ಇದ್ದೋರು ಸೂಜಿ ಕಂಡು ತಲೆಸುತ್ತಿ ಬೀಳ್ತಾರೆ. ಕೈಗೆ ಕೊಬ್ಬರಿ ಎಣ್ಣೆ, ಲೋಷನ್ ಹಚ್ಚಬೇಡಿ, ಹನಿ ನಿಲ್ಲಲ್ಲ, ಜಾರಿ ಪಕ್ಕದ ಹನಿ ಜೊತೆ ಸೇರ್ಕೊಳ್ಳತ್ತೆ, ಪೆನ್ ಗುರುತೂ ಕೂರಲ್ಲ. ಮದುವೆ ಮನೆಯಿಂದ ಮೊಣಕೈ ತನಕ ಮೆಹಂದಿ ಹಾಕಿಸ್ಕೊಂಡು ಬಂದ್ರೆ ಬೆನ್ನ ಮೇಲೆ ಮಾಡ್ಬೇಕಾಗತ್ತೆ. ಸಡಿಲ ತೋಳಿನ ಬಟ್ಟೆ ಹಾಕ್ಕೊಂಡು, ತಗೊಳ್ತಿರೋ ಎಲ್ಲಾ ಮಾತ್ರೆಗಳ ಸ್ಟ್ರಿಪ್ ಸಮೇತ ಬನ್ನಿ.

ಮುಂಗೈ ಒಳಭಾಗ ಸ್ಪಿರಿಟ್ಟಲ್ಲಿ ಒರೆಸಿ, ಒಣಗಿದ್ಮೇಲೆ ಪೆನ್ನಲ್ಲಿ ನಂಬರ್ ಹಾಕ್ತೀವಿ. ಎರಡು ಹನಿ ನಡುವೆ ಕನಿಷ್ಠ 2 ಸೆಂ.ಮೀ. ಅಂತರ, ಮಣಿಕಟ್ಟಿಗೂ ಮೊಣಕೈ ಮಡಿಕೆಗೂ ತೀರಾ ಹತ್ರ ಇಡಲ್ಲ. ಬೆನ್ನಿನ ಚರ್ಮ ಮುಂಗೈಗಿಂತ ಸ್ವಲ್ಪ ಹೆಚ್ಚು ಪ್ರತಿಕ್ರಿಯೆ ಕೊಡತ್ತೆ, ಹಾಗಾಗಿ ಅರ್ಧ ಕೈ ಮೇಲೆ ಅರ್ಧ ಬೆನ್ನ ಮೇಲೆ ಮಾಡಿದ್ರೆ ಅಳತೆ ಹೋಲಿಸೋವಾಗ ಅದು ನೆನಪಿರಬೇಕು.

ಎಲ್ಲಾ ಹನಿಗಳ ಜೊತೆ ಕಂಟ್ರೋಲ್ ಎರಡು ಇರಲೇಬೇಕು. ಒಂದು ಹಿಸ್ಟಮಿನ್, 10 ಮಿ.ಗ್ರಾಂ ಪ್ರತಿ ಮಿ.ಲೀ., ಇದು ಎಲ್ರಿಗೂ ಏಳಬೇಕು. ಇನ್ನೊಂದು ಬರೀ ಉಪ್ಪುನೀರು ಅಥವಾ ಅಲರ್ಜಿ ವಸ್ತು ಇಲ್ಲದ ದ್ರಾವಣ, ಇದು ಯಾರಿಗೂ ಏಳಬಾರದು. ಹಿಸ್ಟಮಿನ್ನೇ ಏಳ್ಲಿಲ್ಲ ಅಂದ್ರೆ ಹೆಚ್ಚಾಗಿ ಮೈಯಲ್ಲಿ ಇನ್ನೂ ಮಾತ್ರೆ ಪ್ರಭಾವ ಇದೆ ಅಂತ ಅರ್ಥ, ಅವತ್ತಿನ ನೆಗೆಟಿವ್‌ಗಳಿಗೆಲ್ಲಾ ಬೆಲೆ ಇಲ್ಲ, ಇನ್ನೊಂದು ದಿನ ಬನ್ನಿ ಅನ್ನಬೇಕು. ಉಪ್ಪುನೀರಿಗೇ ದೊಡ್ಡದಾಗಿ ಎದ್ರೆ ಪಾಸಿಟಿವ್‌ಗಳನ್ನ ನಂಬೋ ಹಾಗಿಲ್ಲ. ಈ ಎರಡು ಹನಿ ಇಡೋದು ಕಾಣ್ಲಿಲ್ಲ ಅಂದ್ರೆ ಬಾಯ್ಬಿಟ್ಟು ಕೇಳಿ, ಸಂಕೋಚ ಬೇಡ.

ಚುಚ್ಚಿದ್ಮೇಲೆ ಹನಿನ ಒತ್ತಿ ಹೀರಿ ತೆಗಿತೀವಿ, ಉಜ್ಜಲ್ಲ. ಆಮೇಲೆ ಹದಿನೈದು ನಿಮಿಷ ಕಾಯೋದು. ಈ ಹದಿನೈದು ನಿಮಿಷನೇ ಕಷ್ಟ, ತುರಿಕೆ ತಡೆಯೋಕಾಗಲ್ಲ, ಮಕ್ಕಳಿಗೆ ಫೋನಲ್ಲಿ ಏನಾದ್ರೂ ಹಾಕ್ಕೊಡಿ. ಕೆರೆದ್ರೆ ದದ್ದುಗಳು ಒಂದಕ್ಕೊಂದು ಸೇರಿ ಅಳೆಯೋಕೇ ಆಗಲ್ಲ. ಎದೆ ಬಿಗಿತ, ಗಂಟಲು ಕಟ್ಟಿದ ಹಾಗೆ, ಮೈಯೆಲ್ಲಾ ಬಿಸಿ ಏನಾದ್ರೂ ಅನ್ನಿಸಿದ್ರೆ ಸುಮ್ನೆ ಕೂರಬೇಡಿ, ತಕ್ಷಣ ಹೇಳಿ.

7. ಅಳತೆ

ನಮ್ ಚರ್ಮದ ಬಣ್ಣಕ್ಕೆ ಕೆಂಪು ಸರಿಯಾಗಿ ಕಾಣಲ್ಲ, ಅದಕ್ಕೇ ಬರೀ ಕಣ್ಣಲ್ಲಿ ನೋಡಿ "ಆಯ್ತು, ಇದು ಪಾಸಿಟಿವ್" ಅನ್ನಬಾರದು. ಕೈನ ಲೈಟಿಗೆ ಓರೆ ಮಾಡಿ ಹಿಡಿದ್ರೆ ಉಬ್ಬಿನ ಅಂಚು ನೆರಳಾಗಿ ಕಾಣತ್ತೆ, ಬೆರಳ ತುದೀಲಿ ಸವರಿದ್ರೆ ಎಲ್ಲಿ ಶುರು ಎಲ್ಲಿ ಮುಗಿಯತ್ತೆ ಗೊತ್ತಾಗತ್ತೆ. ಆ ಅಂಚಿಗೆ ಪೆನ್ನಲ್ಲಿ ಗೆರೆ ಎಳೆದು, ಮೇಲೆ ಪಾರದರ್ಶಕ ಟೇಪ್ ಒತ್ತಿ ತೆಗೆದ್ರೆ ಗೆರೆ ಟೇಪಿಗೆ ಬರತ್ತೆ, ಅದನ್ನ ಹಾಳೆಗೆ ಅಂಟಿಸಿಟ್ರೆ ವರ್ಷಗಟ್ಟಲೆ ಇರೋ ದಾಖಲೆ. ಉದ್ದದ ಅಳತೆ, ಅದಕ್ಕೆ ಅಡ್ಡ ಅಳತೆ, ಎರಡೂ ಕೂಡಿಸಿ ಅರ್ಧ ಮಾಡೋದು. ನೆಗೆಟಿವ್ ಕಂಟ್ರೋಲ್‌ಗಿಂತ 3 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡದಿದ್ರೆ ಪಾಸಿಟಿವ್.

ರಿಪೋರ್ಟಲ್ಲಿ ಬರೀ ಪ್ಲಸ್, ಪ್ಲಸ್ ಪ್ಲಸ್ ಅಂತ ಬರೆದಿದ್ರೆ ಮಿಲಿಮೀಟರ್ ಕೇಳಿ ಹಾಕಿಸ್ಕೊಳ್ಳಿ, ಪ್ಲಸ್ಸಿನ ಲೆಕ್ಕ ಒಂದೊಂದು ಕ್ಲಿನಿಕ್ಕಲ್ಲಿ ಒಂದೊಂದು ತರ. ಕಂಟ್ರೋಲ್ ಎರಡರ ಅಳತೆ, ಯಾವ್ ಸಾಧನ, ಯಾವ್ ಕಂಪನಿ ದ್ರಾವಣ, ಕೈಯೋ ಬೆನ್ನೋ, ಎಷ್ಟು ನಿಮಿಷಕ್ಕೆ ನೋಡಿದ್ದು, ಇಷ್ಟೂ ಇರಬೇಕು. ಮನೆಗೆ ಹೋಗೋಕ್ ಮುಂಚೆ ಕೈ ಪಕ್ಕ ಸ್ಕೇಲ್ ಇಟ್ಟು ನೀವೇ ಒಂದು ಫೋಟೋ ತೆಕ್ಕೊಳ್ಳಿ.

8. ರಿಪೋರ್ಟ್ ಕೈಗೆ ಬಂದ್ಮೇಲೆ

ಪಾಸಿಟಿವ್ ಅಂದ್ರೆ ಮೈಯಲ್ಲಿ ಆ ವಸ್ತುವಿಗೆ ಐಜಿಇ ಇದೆ ಅಂತ ಅಷ್ಟೇ. ಅದನ್ನ ಸೆನ್ಸಿಟೈಸೇಷನ್ ಅಂತಾರೆ. ಅದರಿಂದ ನಿಮಗೆ ನಿಜವಾಗ್ಲೂ ತೊಂದ್ರೆ ಆಗ್ತಿದ್ರೆ ಮಾತ್ರ ಅಲರ್ಜಿ. ದೊಡ್ಡ ದದ್ದು ಬಂತು ಅಂದ್ರೆ ಅಲರ್ಜಿ ಇರೋ ಸಾಧ್ಯತೆ ಜಾಸ್ತಿ, ಆದ್ರೆ ಎಷ್ಟು ಜೋರಾಗಿ ಬರತ್ತೆ ಅಂತ ಅದು ಹೇಳಲ್ಲ, 4 ಮಿ.ಮೀ. ಇದ್ದೋರಿಗೆ ಉಸಿರು ಕಟ್ಟಬಹುದು, 10 ಇದ್ದೋರು ಆರಾಮಾಗಿ ಓಡಾಡ್ಕೊಂಡಿರಬಹುದು.

ಆಹಾರದಲ್ಲಿ ಇದನ್ನ ಮರೆತ್ರೆ ಅನಾಹುತ. ಆಹಾರಕ್ಕೆ ಪ್ರಿಕ್ ನೆಗೆಟಿವ್ ಬಂದ್ರೆ ತಕ್ಷಣ ಆಗೋ ಅಲರ್ಜಿ ಇಲ್ಲ ಅಂತ ಬಹುತೇಕ ನಂಬಬಹುದು, ನೂರಕ್ಕೆ ತೊಂಬತ್ತರ ಮೇಲೆ ಸರಿ ಇರತ್ತೆ. ಪಾಸಿಟಿವ್ ಬಂದ್ರೆ ಮಾತ್ರ ಹೆಚ್ಚುಕಡಿಮೆ ಅರ್ಧಕ್ಕರ್ಧ ಸುಳ್ಳು. ಎಪ್ಪತ್ತು ಆಹಾರದ ಪ್ಯಾನೆಲ್ ಮಾಡಿಸಿ ಹಾಲು, ಮೊಟ್ಟೆ, ಗೋಧಿ, ಬೇಳೆ, ಕಡಲೆಕಾಯಿ ಎಲ್ಲಾ ಕೆಂಪು ಬಂತು ಅಂತ ಬೆಳೆಯೋ ಮಗುವಿಗೆ ಎಲ್ಲಾ ನಿಲ್ಲಿಸಿ ಬರೀ ಅನ್ನ ಸಾರು ಹಾಕೋ ಮನೆಗಳಿವೆ, ಆ ಮಗು ಅದುವರೆಗೂ ಇಡ್ಲಿ ಸಾಂಬಾರು ತಿಂದ್ಕೊಂಡು ಚೆನ್ನಾಗೇ ಇತ್ತು. ತಿಂದು ಏನೂ ಆಗದೇ ಇರೋ ಪದಾರ್ಥವನ್ನ ರಿಪೋರ್ಟ್ ನೋಡಿ ಬಿಡಿಸಬೇಡಿ, ದಿಢೀರ್ ಅಂತ ತಿಂಗಳುಗಟ್ಟಲೆ ಬಿಟ್ಟು ಮತ್ತೆ ಕೊಟ್ರೆ ಆಗ ನಿಜವಾದ ರಿಯಾಕ್ಷನ್ ಆಗಿರೋ ಉದಾಹರಣೆಗಳೂ ಇವೆ. ಅನುಮಾನ ಉಳಿದ್ರೆ ಡಾಕ್ಟರ್ ಎದುರಿಗೇ ಸ್ವಲ್ಪ ಸ್ವಲ್ಪ ತಿನ್ನಿಸಿ ನೋಡೋ ಫುಡ್ ಚಾಲೆಂಜ್ ಮಾಡಿಸ್ತಾರೆ. ಮನೇಲಿ ನೀವೇ ಪ್ರಯೋಗ ಮಾಡ್ಬೇಡಿ.

ಧೂಳಿನ ಹುಳ ಪಾಸಿಟಿವ್ ಬಂದು, ಬೆಳಗ್ಗೆ ಎದ್ದಾಗ ಸೀನು, ಹಾಸಿಗೆ ಕೊಡವಿದಾಗ ಸೀನು, ಹಬ್ಬಕ್ಕೆ ಅಟ್ಟ ಕ್ಲೀನ್ ಮಾಡಿದಾಗ ಸೀನು ಅಂತಿದ್ರೆ ಅಲ್ಲಿ ಕಥೆನೂ ಟೆಸ್ಟೂ ಹೊಂದ್ತು. ಬೆಡ್‌ಶೀಟ್, ದಿಂಬಿನ ಕವರ್ ವಾರಕ್ಕೊಂದ್ಸಲ 60 ಡಿಗ್ರಿ ಬಿಸಿನೀರಲ್ಲಿ ಒಗೆಯೋದು, ಹಾಸಿಗೆಗೆ ಹುಳ ದಾಟದ ಕವರ್ ಹಾಕೋದು, ಇಲ್ಲಿಂದ ಶುರು ಮಾಡಿ. ಔಷಧಿಲೂ ಹತೋಟಿಗೆ ಬರ್ಲಿಲ್ಲ ಅಂದ್ರೆ ಇಮ್ಯುನೋಥೆರಪಿ, ಅಂದ್ರೆ ಅದೇ ವಸ್ತುವನ್ನ ಚೂರು ಚೂರೇ ಇಂಜೆಕ್ಷನ್ ಅಥವಾ ನಾಲಿಗೆ ಕೆಳಗಿನ ಹನಿಯಾಗಿ ಕೊಟ್ಟು ಮೈನ ಒಗ್ಗಿಸೋದು. ಮೂರರಿಂದ ಐದು ವರ್ಷ ತಗೋಬೇಕಾಗತ್ತೆ, ಅದಕ್ಕೇ ಅದನ್ನ ಶುರು ಮಾಡೋಕ್ ಮುಂಚೆ ಟೆಸ್ಟ್ ಸರಿ ಇತ್ತಾ ಅಂತ ನೋಡ್ಕೊಳ್ಳಿ ಅನ್ನೋದು. ಪಾಸಿಟಿವ್ ಬಂದ ಹದಿನೈದನ್ನೂ ಒಂದೇ ಬಾಟಲಿಗೆ ಸೇರಿಸಿ ಕೊಡ್ತೀವಿ ಅಂದ್ರೆ ಒಪ್ಪಬೇಡಿ. ಒಂದೊಂದರ ಪ್ರಮಾಣ ಲೆಕ್ಕಕ್ಕೇ ಇಲ್ಲದಷ್ಟು ತೆಳುವಾಗತ್ತೆ, ಅದೂ ಅಲ್ದೆ ಜಿರಳೆ ಮತ್ತೆ ಬೂಷ್ಟಿನ ದ್ರಾವಣದಲ್ಲಿ ಪ್ರೊಟೀನ್ ಒಡೆಯೋ ಕಿಣ್ವ ಇರತ್ತೆ, ಜೊತೆಲಿಟ್ಟ ಪರಾಗದ ದ್ರಾವಣನ ಅದು ಹಾಳು ಮಾಡತ್ತೆ.

ಟೆಸ್ಟಿನ ರಾತ್ರಿ ಚುಚ್ಚಿದ ಜಾಗ ಮತ್ತೆ ಊದಬಹುದು, ಗಟ್ಟಿಯಾಗಿ ತುರಿಸಬಹುದು. ಅದು ತಡವಾಗಿ ಬರೋ ಪ್ರತಿಕ್ರಿಯೆ, ರಿಪೋರ್ಟಿಗೆ ಸೇರಿಸೋದು ಬೇಡ, ಹೊಸದಾಗಿ ಪಾಸಿಟಿವ್ ಆಯ್ತು ಅಂತ ಫೋನ್ ಮಾಡೋದೂ ಬೇಡ. ತಣ್ಣೀರು ಬಟ್ಟೆ ಇಡಿ, ಅಳತೆ ಮುಗಿದ್ಮೇಲೆ ನಿಲ್ಲಿಸಿದ್ದ ಮಾತ್ರೆನ ಅವತ್ತಿಂದಾನೇ ಮತ್ತೆ ತಗೋಬಹುದು, ಒಂದೆರಡು ದಿನದಲ್ಲಿ ಇಳಿಯತ್ತೆ.